ಮದೀನೆಯ ಮಣ್ಣಿನ ಕೋಣೆಗಳು

ಮಕ್ಕಾ ನಗರದಿಂದ ಉತ್ತರಾಭಿಮುಖವಾಗಿ ಹೊರಟ ಯಾತ್ರಿಕನಿಗೆ ಮೊದಲು ಎದುರಾಗುವುವು ಬೋಳು ಬೆಟ್ಟಗಳು, ಅನಂತರ ಮರಳು, ಕೊನೆಗೆ, ಸುಟ್ಟ ಇಟ್ಟಿಗೆಯ ಚೂರುಗಳನ್ನು ಯಾರೋ ಗಾಡಿಗಟ್ಟಲೆ ತಂದು ಸುರಿದಂತೆ ಹರಡಿರುವ ಕರಿಯ ಕಲ್ಲಿನ ಬಯಲು. ಎಂದೋ ಉರಿದ ಅಗ್ನಿಪರ್ವತಗಳು ಉಗುಳಿದ ಶಿಲಾದ್ರವ ಹೆಪ್ಪುಗಟ್ಟಿ ಆದ ನೆಲವಿದು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಇಂಥ ಕರಿಯ ಬಯಲು. ಅವೆರಡರ ನಡುವೆ ನೀರಿನ ಸೆಲೆಯುಳ್ಳ ತಗ್ಗು. ಆ ತಗ್ಗಿನಲ್ಲಿ ಖರ್ಜೂರದ ತೋಪುಗಳು. ತೋಪುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ ಒಂದು ಊರು. ಅದೇ ಮದೀನಾ.

ಹಿಂದೆ ಒಂಟೆಯ ಸಾಲುಗಳಿಗೆ ಈ ದಾರಿ ಹತ್ತು ಹನ್ನೆರಡು ದಿನಗಳ ಪ್ರಯಾಣವಾಗಿತ್ತು. 1908ರಲ್ಲಿ ದಮಾಸ್ಕಸ್ಸಿನಿಂದ ಬಂದ ಹಿಜಾಜ್ ರೈಲು ಮದೀನೆಯನ್ನು ಮುಟ್ಟಿತು. ಹತ್ತೇ ವರ್ಷಗಳಲ್ಲಿ ಮಹಾಯುದ್ಧದ ಸಿಡಿಮದ್ದಿಗೆ ಸಿಕ್ಕಿ ಅದರ ಹಳಿಗಳು ಹಾಳಾದುವು. ಅದರ ಕಲ್ಲಿನ ನಿಲ್ದಾಣ ಮಾತ್ರ ಉಳಿದು ವಸ್ತುಸಂಗ್ರಹಾಲಯವಾಯಿತು. 2018ರಲ್ಲಿ ಆರಂಭವಾದ ಹರಮೈನ್ ವೇಗದ ರೈಲು ಮಕ್ಕಾದಿಂದ ಜಿದ್ದಾ ಮಾರ್ಗವಾಗಿ ಸುಮಾರು 450 ಕಿಲೋಮೀಟರುಗಳ ದೂರವನ್ನು ಎರಡೂವರೆ ಗಂಟೆಯ ಆಜುಬಾಜಿನಲ್ಲಿ ದಾಟಿಸಿಬಿಡುತ್ತದೆ. ಬೆಂಗಳೂರಿನಿಂದಲೂ ಕಲಬುರ್ಗಿಯಿಂದಲೂ ಭಟ್ಕಳ, ಮಂಗಳೂರುಗಳಿಂದಲೂ ಹಜ್ ಯಾತ್ರೆಗೆ ಹೊರಟವರು ಮದೀನೆಯನ್ನು ಕಾಣದೆ ಹಿಂದಿರುಗುವುದು ಅಪರೂಪ. ಮುಸ್ಲಿಮೇತರರಿಗೆ ಅಲ್ಲಿಯ ಪವಿತ್ರ ಮಸೀದಿಯೊಳಗೆ ಪ್ರವೇಶವಿಲ್ಲವಾದುದರಿಂದ ಅನೇಕ ವಾಚಕರು ಅದನ್ನು ಮಾತಿನ ಮೂಲಕವೇ ನೋಡಬೇಕಾಗುತ್ತದೆ.

ದೂರದಿಂದ ಮೊದಲು ಕಾಣುವುವು ಮಸೀದಿಯ ಹತ್ತು ಮಿನಾರುಗಳು. ಹತ್ತಿರವಾದಂತೆ ಅಮೃತಶಿಲೆಯ ವಿಶಾಲ ಅಂಗಳ. ಅದರ ತುಂಬ ಹಗಲು ಅರಳಿ ಇರುಳು ಮುಚ್ಚಿಕೊಳ್ಳುವ 250 ಬೃಹತ್ ಕೊಡೆಗಳು. ಈ ವೈಭವದ ನಡುವೆ ಆಗ್ನೇಯ ಮೂಲೆಯಲ್ಲಿ ಒಂದು ಹಸುರು ಗುಂಬಜು. ಮಿಕ್ಕ ಕಟ್ಟಡದೊಂದಿಗೆ ಹೋಲಿಸಿದರೆ ಅದೇನೂ ದೊಡ್ಡದಲ್ಲ. 1279ರಲ್ಲಿ ಮಮ್ಲೂಕ್ ಸುಲ್ತಾನ ಕಲಾವೂನನ ಕಾಲದಲ್ಲಿ ಅಲ್ಲಿ ಮೊದಲ ಗುಂಬಜು ಎದ್ದಿತು. 1837ರಲ್ಲಿ ಅದಕ್ಕೆ ಹಸುರು ಬಣ್ಣ ಬಳಿದರು. ಯಾತ್ರಿಕರ ಕಣ್ಣು ಮೊದಲು ಹುಡುಕುವುದು ಅದನ್ನೇ. ಏಕೆಂದರೆ ಅದರ ಕೆಳಗೆ ಪ್ರವಾದಿ ಮಹಮ್ಮದರ ಸಮಾಧಿಯಿದೆ.

ಆ ಜಾಗ ಸಮಾಧಿಯಾಗುವುದಕ್ಕೆ ಮುಂಚೆ ಒಂದು ಮನೆಯಾಗಿತ್ತು. ಒಬ್ಬ ಗೃಹಿಣಿಯ ಒಂದೇ ಕೋಣೆಯ ಮನೆ. ಆ ಗೃಹಿಣಿ ಪ್ರವಾದಿಯವರ ಪತ್ನಿ ಆಯಿಷಾ. ಅನ್ಯರ ವಿಷಯದಲ್ಲಿ ಕೆಟ್ಟದ್ದನ್ನು ಊಹಿಸಬಾರದೆಂಬ ಇಸ್ಲಾಮಿನ ಕಟ್ಟುನಿಟ್ಟಾದ ಬೋಧನೆಗೆ ಈ ಕೋಣೆಯೊಂದಿಗೆ ಬಹು ಹತ್ತಿರದ ನಂಟು ಉಂಟು.

ಪರದೆಯೇ ಬಾಗಿಲು

ಕ್ರಿ. ಶ. 622ರಲ್ಲಿ ಪ್ರವಾದಿಯವರು ಮಕ್ಕಾ ಬಿಟ್ಟು ಬಂದಾಗ ಈ ಊರಿನ ಹೆಸರು ಯಸ್ರಿಬ್. ಆಗ ಕಟ್ಟಿದ ಮಸೀದಿ ಸುಮಾರು 35 ಮೀಟರು ಉದ್ದ, 30 ಮೀಟರು ಅಗಲದ ಒಂದು ಅಂಗಳ, ಅಷ್ಟೆ. ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡಗಳೇ ಕಂಬ, ಅದರ ಗರಿಗಳೇ ಮಾಡು. ಈ ಮಸೀದಿಯ ಪೂರ್ವದ ಗೋಡೆಗೆ ಒತ್ತಿಕೊಂಡು ಪ್ರವಾದಿಯವರ ಪತ್ನಿಯರ ಕೋಣೆಗಳು ಒಂದೊಂದಾಗಿ ಎದ್ದುವು. ಕಾಲಕ್ರಮದಲ್ಲಿ ಅವು ಒಂಬತ್ತಾದುವು. ಹಲವು ಕೋಣೆಗಳಿಗೆ ಗೋಡೆಯೆಂದರೆ ಖರ್ಜೂರದ ದಂಟುಗಳನ್ನು ಹೆಣೆದು ಮಣ್ಣು ಮೆತ್ತಿದ ತಡಿಕೆ. ಬಾಗಿಲೆಂದರೆ ಕರಿಯ ಕೂದಲಿನ ನೇಯ್ಗೆಯ ಪರದೆ. ಅಲ್ಲಿ ಹುಡುಗನಾಗಿ ಓಡಾಡಿದ ಹಸನ್ ಬಸ್ರಿ ಮುಂದೆ ಮಹಾಜ್ಞಾನಿಯೆಂದು ಹೆಸರಾದ ಮೇಲೆ, ಆ ಕೋಣೆಗಳ ಮಾಡನ್ನು ಕೈಯೆತ್ತಿ ಮುಟ್ಟಬಹುದಾಗಿತ್ತೆಂದು ನೆನೆಯುತ್ತಿದ್ದನಂತೆ.

ಇಂಥ ಮನೆಯಲ್ಲಿ ಗುಟ್ಟೆಂಬುದು ಎಷ್ಟು ಉಳಿದೀತು? ಒಳಗಿನ ಪಿಸುಮಾತು ಹೊರಗಿನ ಪ್ರಾರ್ಥನೆಯ ಸಾಲಿಗೆ ಕೇಳಿಸುವಷ್ಟು ಸಮೀಪ. ಅತಿಥಿಗಳು, ನಿರ್ಗತಿಕರು, ದೂತರು, ಸಾಲ ಕೇಳುವವರು, ತಗಾದೆ ಹೇಳುವವರು, ಎಲ್ಲರೂ ಆ ಅಂಗಳದಲ್ಲೇ. ಊರೇನೋ ಸೌಹಾರ್ದದ ತವರಲ್ಲ. ಔಸ್ ಮತ್ತು ಖಜ್ರಜ್ ಎಂಬ ಎರಡು ಕುಲಗಳು ಕೆಲವೇ ವರ್ಷಗಳ ಹಿಂದೆ ರಕ್ತದ ಕೋಡಿ ಹರಿಸಿದ್ದುವು. ಅವರ ನಡುವೆ ಮಕ್ಕಾದ ನಿರಾಶ್ರಿತರು ಬಂದು ನೆಲೆಸಿದ್ದರು. ಒಂದು ಗಾಳಿಮಾತು ಸಾಕು, ಹಳೆಯ ಕೆಂಡ ಹೊತ್ತಿಕೊಳ್ಳುವುದಕ್ಕೆ.

ಕುರಾನಿನ 49ನೆಯ ಅಧ್ಯಾಯಕ್ಕೆ ‘ಹುಜುರಾತ್’ ಎಂದು ಹೆಸರು. ಹುಜುರಾತ್ ಎಂದರೆ ಕೋಣೆಗಳು. ಇವೇ ಮಣ್ಣಿನ ಕೋಣೆಗಳು. ಹದಿನೆಂಟೇ ವಾಕ್ಯಗಳ ಈ ಪುಟ್ಟ ಅಧ್ಯಾಯ ಜನ ಜನರೊಡನೆ ಹೇಗೆ ಬಾಳಬೇಕೆಂಬುದನ್ನು ಹೇಳುತ್ತದೆ. ಕೋಣೆಯ ಹೊರಗೆ ನಿಂತು ಅರಚಿ ಕರೆಯುವವರಿಗೆ ಅದರಲ್ಲಿ ಬುದ್ಧಿಮಾತಿದೆ. ನಂಬಲರ್ಹನಲ್ಲದವನು ಸುದ್ದಿ ತಂದಾಗ ವಿಚಾರಿಸದೆ ಮುನ್ನುಗ್ಗಬಾರದೆಂಬ ಎಚ್ಚರಿಕೆಯಿದೆ. ಅಡ್ಡಹೆಸರಿಟ್ಟು ಹೀಯಾಳಿಸುವುದಕ್ಕೆ ನಿಷೇಧವಿದೆ. ಹನ್ನೆರಡನೆಯ ವಾಕ್ಯ ಮೂರು ದೋಷಗಳನ್ನು ಒಂದರ ಹಿಂದೊಂದು ಹೆಸರಿಸುತ್ತದೆ. ಮೊದಲನೆಯದು ಪರರ ಬಗೆಗೆ ಸಂಶಯ; ಎರಡನೆಯದು ಆ ಸಂಶಯವನ್ನು ಸಾಬೀತುಮಾಡಿಕೊಳ್ಳಲು ಪರರ ಗುಟ್ಟನ್ನು ಇಣುಕಿ ನೋಡುವುದು; ಮೂರನೆಯದು ಇಣುಕಿ ಕಂಡದ್ದನ್ನು ಬೆನ್ನ ಹಿಂದೆ ಆಡಿಕೊಳ್ಳುವುದು. ಈ ಕೊನೆಯದನ್ನು ಸತ್ತ ಸೋದರನ ಮಾಂಸವನ್ನು ತಿನ್ನುವುದಕ್ಕೆ ಹೋಲಿಸಲಾಗಿದೆ. ನಾಲಗೆಯ ಪಾಪದ ಬೇರು ಮನಸ್ಸಿನಲ್ಲಿದೆ ಎಂಬುದು ಈ ಕ್ರಮದಿಂದಲೇ ಸ್ಪಷ್ಟವಾಗುತ್ತದೆ.

ಕನ್ನಡಿಗರು ದಿನನಿತ್ಯ ಬಳಸುವ ‘ಗುಮಾನಿ’ ಎಂಬ ಮಾತು ಪಾರಸಿ ಮೂಲದ್ದು. ಪಾರಸಿಯಲ್ಲಿ ‘ಗುಮಾನ್’ ಎಂದರೆ ಬರಿಯ ಊಹೆ. ಒಳ್ಳೆಯದೂ ಆಗಬಹುದು, ಕೆಟ್ಟದೂ ಆಗಬಹುದು. ಆದ್ದರಿಂದಲೇ ಉರ್ದು ಆಡುವವರು ಕೆಟ್ಟ ಊಹೆಗೆ ‘ಬದ್‌ಗುಮಾನಿ’ ಎಂದು ಬೇರೆಯಾಗಿ ಹೇಳುತ್ತಾರೆ. ಕನ್ನಡಕ್ಕೆ ಬಂದ ಮೇಲೆ ಆ ಮಾತಿಗೆ ಒಳ್ಳೆಯ ಅರ್ಥ ತಪ್ಪಿಹೋಗಿ ಕೆಟ್ಟದ್ದೊಂದೇ ಉಳಿಯಿತು. ಮನುಷ್ಯನ ಊಹೆ ಸಾಮಾನ್ಯವಾಗಿ ಯಾವ ಕಡೆಗೆ ವಾಲುತ್ತದೆ ಎಂಬುದಕ್ಕೆ ಈ ಪದದ ಚರಿತ್ರೆಯೇ ಸಾಕ್ಷಿ.

ಕಳೆದುಹೋದ ಹಾರ

ಹಿಜರಿ 5 ಅಥವಾ 6ನೆಯ ವರ್ಷ, ಎಂದರೆ ಕ್ರಿ. ಶ. 627ರ ಸುಮಾರು. ಬನೂ ಮುಸ್ತಲಿಕ್ ಎಂಬ ಕುಲದ ಮೇಲಿನ ದಂಡಯಾತ್ರೆಯಿಂದ ಮದೀನೆಗೆ ಹಿಂದಿರುಗುತ್ತಿದ್ದ ದಂಡು ಒಂದು ರಾತ್ರಿ ಬಯಲಿನಲ್ಲಿ ಬೀಡುಬಿಟ್ಟಿತು. ಬೆಳಗಿನ ಜಾವ ಹೊರಡುವ ಸೂಚನೆಯಾಯಿತು. ದೇಹಬಾಧೆಗೆಂದು ದೂರ ಹೋಗಿ ಬಂದ ಆಯಿಷಾ ಅವರು ಕೊರಳು ಮುಟ್ಟಿಕೊಂಡರೆ ಯೆಮನಿನ ಮಣಿಗಳ ಹಾರ ಕಾಣದು. ಹುಡುಕುತ್ತ ಹಿಂದಕ್ಕೆ ಹೋದರು. ಇತ್ತ ಆಳುಗಳು ಪರದೆ ಇಳಿಬಿಟ್ಟ ಅವರ ಅಂಬಾರಿಯನ್ನು ಎತ್ತಿ ಒಂಟೆಯ ಮೇಲಿಟ್ಟರು. ಒಳಗಿದ್ದವರು ಹಗುರ ಮೈಯವರಾದ್ದರಿಂದ ಅಂಬಾರಿ ಬರಿದಾಗಿದೆಯೆಂದು ಯಾರಿಗೂ ತಿಳಿಯಲಿಲ್ಲ. ಹಾರ ಸಿಕ್ಕಿ ಹಿಂದಿರುಗುವಾಗ ಬಯಲು ಬರಿದು. ಯಾರಾದರೂ ಹುಡುಕಿಕೊಂಡು ಬಂದಾರೆಂದು ಆಕೆ ಅಲ್ಲೇ ಕುಳಿತರು; ಕುಳಿತಲ್ಲೇ ನಿದ್ದೆ ಹತ್ತಿತು.

ದಂಡಿನ ಹಿಂದೆ ಬರುತ್ತಿದ್ದ ಸಫ್ವಾನ್ ಎಂಬ ತರುಣನು ಅವರನ್ನು ಕಂಡು ಗುರುತು ಹಿಡಿದನು. ಬೇರೊಂದು ಮಾತಾಡದೆ ತನ್ನ ಒಂಟೆಯನ್ನು ಮಂಡಿಯೂರಿಸಿ, ಆಕೆಯನ್ನು ಕೂರಿಸಿ, ತಾನು ಹಗ್ಗ ಹಿಡಿದು ನಡೆದನು. ಸುಡುಬಿಸಿಲಿನ ಹೊತ್ತಿಗೆ ಇಬ್ಬರೂ ದಂಡನ್ನು ಸೇರಿಕೊಂಡರು. ನಡೆದದ್ದು ಇಷ್ಟೇ. ಕಂಡವರಿಗೆ ಕಂಡದ್ದು ಇದಕ್ಕಿಂತಲೂ ಸ್ವಲ್ಪ: ಒಂದು ಒಂಟೆ, ಒಬ್ಬ ತರುಣ, ಒಬ್ಬ ಗೃಹಿಣಿ. ಉಳಿದದ್ದನ್ನೆಲ್ಲ ಗುಮಾನಿ ಕಟ್ಟಿಕೊಂಡಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುವುದು ಸುಮ್ಮನಲ್ಲ.

ಸುದ್ದಿಯನ್ನು ಊದಿ ಉರಿಸಿದವನು ಅಬ್ದುಲ್ಲಾ ಬಿನ್ ಉಬೈ ಎಂಬ ಮುಖಂಡ. ಪ್ರವಾದಿಯವರು ಬಂದದ್ದರಿಂದ ತನಗೆ ದೊರೆಯಬೇಕಾಗಿದ್ದ ನಾಯಕತ್ವ ತಪ್ಪಿತೆಂದು ಒಳಗೊಳಗೇ ಕುದಿಯುತ್ತಿದ್ದವನು. ಆದರೆ ಅದನ್ನು ಮನೆಮನೆಗೆ ಹೊತ್ತವರಲ್ಲಿ ಒಳ್ಳೆಯವರೂ ಇದ್ದರೆಂಬುದು ಈ ಕಥೆಯ ದುಃಖ. ಕವಿ ಹಸ್ಸಾನ್ ಇದ್ದನು. ಆಯಿಷಾರ ತಂದೆ ಅಬೂಬಕರ್ ಅವರ ಬಡ ಬಂಧು, ಅವರ ಅನ್ನದಲ್ಲೇ ಬದುಕಿದ್ದ ಮಿಸ್ತಹ್ ಇದ್ದನು.

ಊರಿಗೆ ಬಂದ ಮೇಲೆ ಆಯಿಷಾ ಅವರು ಒಂದು ತಿಂಗಳು ಕಾಯಿಲೆ ಮಲಗಿದರು. ಪರದೆಯ ಆಚೆ ಊರೆಲ್ಲ ಗುಸುಗುಸು. ಈಚೆಗೆ ಒಂದು ಮಾತೂ ಬಾರದು. ಪತಿಯ ಮಾತಿನಲ್ಲಿ ಎಂದಿನ ಅಕ್ಕರೆ ಕಡಿಮೆಯಾದುದನ್ನು ಮಾತ್ರ ಆಕೆ ಗಮನಿಸಿದ್ದರು, ಕಾರಣ ತಿಳಿದಿರಲಿಲ್ಲ. ಕೊನೆಗೆ ಒಂದು ರಾತ್ರಿ ಮಿಸ್ತಹನ ತಾಯಿಯೇ ತನ್ನ ಮಗನನ್ನು ಶಪಿಸುತ್ತ ವಿಷಯವನ್ನು ತಿಳಿಸಿದಳು. ಆಕೆ ಅನುಮತಿ ಪಡೆದು ತವರಿಗೆ ಹೋದರು. ಎರಡು ರಾತ್ರಿ ಒಂದು ಹಗಲು ಕಣ್ಣೀರು ನಿಲ್ಲಲಿಲ್ಲ. ಅಳುವಿನಿಂದ ಕರುಳೇ ಹರಿದುಹೋದೀತೆಂದು ಅನಿಸಿತೆಂದು ಆಕೆಯೇ ಮುಂದೆ ಹೇಳಿದ್ದು ಹದೀಸ್ ಸಂಗ್ರಹಗಳಲ್ಲಿ ದಾಖಲಾಗಿದೆ. ಇದಿಷ್ಟೂ ಕಥೆ ಆಕೆಯ ಬಾಯಿಂದಲೇ ಬಂದದ್ದು.

ವಿಚಾರಣೆ ನಡೆಯಿತು. ಮನೆಗೆಲಸದ ಬರೀರಾ ಎಂಬವಳನ್ನು ಕರೆಸಿ ಕೇಳಿದರು. ತನ್ನ ಒಡತಿಯಲ್ಲಿ ತಾನು ಕಂಡ ದೋಷ ಒಂದೇ ಎಂದಳು ಆ ಮುಗ್ಧೆ: ಹಿಟ್ಟು ಕಲಸಿಟ್ಟು ನಿದ್ದೆಹೋಗುತ್ತಾರೆ, ಆಡು ಬಂದು ತಿಂದುಬಿಡುತ್ತದೆ! ಪ್ರವಾದಿಯವರ ಇನ್ನೊಬ್ಬ ಪತ್ನಿ ಝೈನಬ್ ಅವರನ್ನೂ ಕೇಳಲಾಯಿತು. ಸವತಿಯರಲ್ಲಿ ಆಯಿಷಾರಿಗೆ ಸಾಟಿಯಾಗಿ ನಿಲ್ಲುತ್ತಿದ್ದವರು ಅವರೇ. ಅವರ ತಂಗಿ ಹಮ್ನಾ ಗಾಳಿಮಾತು ಹರಡುವವರ ಜೊತೆ ಸೇರಿದ್ದಳು. ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಆದರೆ ಝೈನಬ್ ಅವರು ತಾವು ಕಣ್ಣಾರೆ ಕಾಣದ್ದನ್ನೂ ಕಿವಿಯಾರೆ ಕೇಳದ್ದನ್ನೂ ಹೇಳಲೊಲ್ಲರಾದರು. ಆಯಿಷಾರಲ್ಲಿ ಒಳ್ಳೆಯದನ್ನಲ್ಲದೆ ಬೇರೇನನ್ನೂ ಅರಿಯೆನೆಂದರು. ಆಯಿಷಾ ಅವರು ಆ ಋಣವನ್ನು ಕೊನೆಯವರೆಗೂ ನೆನೆದರು.

ಇದೇ ಸಂದರ್ಭದಲ್ಲಿ ಮಸೀದಿಯ ಅಂಗಳದಲ್ಲಿ ಔಸ್ ಮತ್ತು ಖಜ್ರಜ್ ಮುಖಂಡರು ಪರಸ್ಪರ ಏರಿ ಬಂದು, ಕೈಗೆ ಕೈ ಹತ್ತುವ ಸ್ಥಿತಿ ಒದಗಿತು. ಪ್ರವಾದಿಯವರೇ ಸಮಾಧಾನಪಡಿಸಬೇಕಾಯಿತು. ಒಂದು ಹಾರ ಕಳೆದದ್ದರಿಂದ ಒಂದು ಊರೇ ಒಡೆಯುವಷ್ಟಕ್ಕೆ ಬಂದಿತ್ತು.

ಕೊನೆಯಲ್ಲಿ ಆಯಿಷಾ ಅವರು ನಿರ್ದೋಷಿಯೆಂದು ಸಾರುವ ದೈವವಾಣಿಯಾಯಿತೆಂಬುದು ಮುಸ್ಲಿಮರ ಶ್ರದ್ಧೆ. ಆ ವಾಕ್ಯಗಳು ಕುರಾನಿನ 24ನೆಯ ಅಧ್ಯಾಯದಲ್ಲಿವೆ. ಸ್ತ್ರೀಯ ಶೀಲದ ಮೇಲೆ ಆರೋಪ ಹೊರಿಸುವವನು ನಾಲ್ವರು ಸಾಕ್ಷಿಗಳನ್ನು ತರಬೇಕು, ತರದಿದ್ದರೆ ಅವನೇ 80 ಛಡಿಯೇಟಿನ ಶಿಕ್ಷೆಗೆ ಗುರಿಯಾಗಬೇಕು ಎಂಬ ಕಾನೂನು ಇರುವುದೂ ಅಲ್ಲಿಯೇ. ಗಾಳಿಮಾತನ್ನು ಜನ ಕಿವಿಯಿಂದಲ್ಲ, ನಾಲಗೆಯಿಂದಲೇ ಬರಮಾಡಿಕೊಂಡರೆಂಬ ಭಾವದ ಆಕ್ಷೇಪಣೆಯೂ ಅಲ್ಲಿದೆ. ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿದು ತೂಗಿನೋಡುವಷ್ಟು ಪುರಸತ್ತೂ ಇಲ್ಲದೆ ಬಾಯಿಗೆ ಬಂದಿತ್ತು ಎಂದು ಇದರ ತಾತ್ಪರ್ಯ.

ಅಬೂ ಅಯ್ಯೂಬರ ಮನೆ

ಹಸುರು ಗುಂಬಜಿಗೆ ಅನತಿದೂರದಲ್ಲಿ ಆಗ್ನೇಯಕ್ಕೆ ಒಂದು ಮನೆಯಿತ್ತು. ಮಸೀದಿ ಬೆಳೆದಂತೆ ಆ ನಿವೇಶನ ಅದರ ಸುತ್ತಿನ ಬಯಲಿಗೆ ಸೇರಿಹೋಯಿತು. ಇಂದು ಅದರ ಮೇಲೆ ನಡೆದುಹೋಗುವವರಲ್ಲಿ ಬಹುಮಂದಿಗೆ ಅದರ ಸುಳಿವಿಲ್ಲ. ಅದು ಅಬೂ ಅಯ್ಯೂಬ್ ಅನ್ಸಾರಿಯವರ ಮನೆ. ಪ್ರವಾದಿಯವರು ಮದೀನೆಗೆ ಬಂದಾಗ ತಮ್ಮ ಕೋಣೆ ಸಿದ್ಧವಾಗುವವರೆಗೆ ತಂಗಿದ್ದು ಅಲ್ಲಿಯೇ. ಅತಿಥಿ ಕೆಳಗೆ, ದಂಪತಿಗಳು ಮೇಲೆ. ಒಂದು ರಾತ್ರಿ ಮೇಲೆ ನೀರಿನ ಗಡಿಗೆ ಒಡೆಯಿತು. ಕೆಳಗೆ ಮಲಗಿದವರ ಮೇಲೆ ಹನಿ ಬಿದ್ದೀತೆಂದು ಗಂಡಹೆಂಡಿರು ತಮಗಿದ್ದ ಒಂದೇ ಹೊದಿಕೆಯಿಂದ ಆ ನೀರನ್ನು ಒರೆಸಿದರಂತೆ.

ಗಾಳಿಮಾತಿನ ಆ ದಿನಗಳಲ್ಲಿ ಇದೇ ಮನೆಯಲ್ಲಿ ನಡೆದ ಸಂಭಾಷಣೆಯೊಂದನ್ನು ಪ್ರಾಚೀನ ಚರಿತ್ರಕಾರ ಇಬ್ನ್ ಇಸ್ಹಾಕ್ ದಾಖಲಿಸಿದ್ದಾನೆ. ಜನ ಆಡಿಕೊಳ್ಳುವುದು ಕೇಳಿಸಿತೇ ಎಂದು ಹೆಂಡತಿ ವಿಚಾರಿಸಿದಳು. ಕೇಳಿಸಿತು, ಅದು ಸುಳ್ಳು ಎಂದರು ಅಬೂ ಅಯ್ಯೂಬರು. ಹಾಗೆಂದು ಬಿಟ್ಟುಬಿಡಲಿಲ್ಲ, ಅಂಥ ಕೆಲಸವನ್ನು ನೀನು ಮಾಡುತ್ತಿದ್ದೆಯಾ ಎಂದು ಆಕೆಯನ್ನೇ ಕೇಳಿದರು. ದೇವರಾಣೆ ಇಲ್ಲವೆಂದಳು ಆಕೆ. ಹಾಗಾದರೆ ಆಯಿಷಾ ನಿನಗಿಂತ ಉತ್ತಮಳು ಎಂದರು.

ಇದರಲ್ಲಿ ಸಾಕ್ಷಿಗಳಿಲ್ಲ, ವಾದವಿಲ್ಲ. ತಮ್ಮ ಅಂತಃಕರಣವನ್ನೇ ಅಳತೆಗೋಲಾಗಿ ಹಿಡಿದು ಪರರನ್ನು ಅಳೆಯುವ ಸರಳ ವಿಧಾನವಿದು. ಆ ಸುದ್ದಿ ಕಿವಿಗೆ ಬಿದ್ದೊಡನೆ ಶ್ರದ್ಧಾವಂತ ಸ್ತ್ರೀಪುರುಷರು ಒಳ್ಳೆಯದನ್ನೇ ಏಕೆ ಭಾವಿಸಲಿಲ್ಲ ಎಂದು ಕುರಾನು ಕೇಳುವ ಕಡೆ, ‘ತಮ್ಮವರ ವಿಷಯದಲ್ಲಿ’ ಎಂಬುದಕ್ಕೆ ಬಳಸಿರುವ ಮಾತಿಗೆ ‘ತಮ್ಮ ವಿಷಯದಲ್ಲಿ’ ಎಂದೇ ನೇರ ಅರ್ಥ. ಅನ್ಯನ ಮಾನ ತನ್ನ ಮಾನದಿಂದ ಬೇರೆಯಲ್ಲವೆಂಬುದು ಅದರ ಇಂಗಿತವೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಹಲವರು ಅಬೂ ಅಯ್ಯೂಬರ ಮನೆಯ ಈ ಪ್ರಸಂಗವನ್ನು ಆ ಜಾಗದಲ್ಲೇ ಉದಾಹರಿಸುತ್ತಾರೆ.

ತಮ್ಮ ಅನ್ನ ತಿಂದು ತಮ್ಮ ಮಗಳ ಹೆಸರು ಕೆಡಿಸಿದ ಮಿಸ್ತಹನಿಗೆ ಇನ್ನು ಕಾಸೂ ಕೊಡುವುದಿಲ್ಲವೆಂದು ಅಬೂಬಕರ್ ಅವರು ಆಣೆಯಿಟ್ಟರು. ಇದು ಯಾವ ತಂದೆಗೂ ಸಹಜ. ಆದರೆ ಬಂಧುಗಳಿಗೂ ಬಡವರಿಗೂ ಕೊಡುವುದನ್ನು ನಿಲ್ಲಿಸುವ ಆಣೆ ಬೇಡ, ಕ್ಷಮಿಸಬೇಕು ಎಂಬ ಆದೇಶವೂ ಅದೇ ಅಧ್ಯಾಯದಲ್ಲಿ ಬಂದಿತು. ಅಬೂಬಕರ್ ಅವರು ಮಿಸ್ತಹನ ವರ್ತನೆಯನ್ನು ಮತ್ತೆ ಆರಂಭಿಸಿದರು. ಕವಿ ಹಸ್ಸಾನನು ಮುದಿತನದಲ್ಲಿ ಕುರುಡಾದಾಗ ಅವನನ್ನು ತಮ್ಮ ಎದುರಿನಲ್ಲಿ ಹೀನಾಯವಾಗಿ ಮಾತನಾಡಲು ಆಯಿಷಾ ಅವರೂ ಬಿಡುತ್ತಿರಲಿಲ್ಲ.

ರಾತ್ರಿಯ ದಾರಿ

ರಂಜಾನ್ ಮಾಸದ ಕೊನೆಯ ಹತ್ತು ದಿನ ಪ್ರವಾದಿಯವರು ಮನೆಗೆ ಹೋಗದೆ ಮಸೀದಿಯಲ್ಲೇ ಧ್ಯಾನಸ್ಥರಾಗಿರುವುದು ವಾಡಿಕೆ. ಅಂಥ ಒಂದು ರಾತ್ರಿ ಅವರ ಪತ್ನಿ ಸಫಿಯಾ ಅವರು ನೋಡಲು ಬಂದರು. ಯಹೂದಿ ಮುಖಂಡನೊಬ್ಬನ ಮಗಳು ಅವರು. ಸ್ವಲ್ಪ ಹೊತ್ತು ಮಾತನಾಡಿ ಹೊರಟಾಗ ಪ್ರವಾದಿಯವರು ಬಾಗಿಲಿನತ್ತ ಜೊತೆಗೆ ಬಂದರು. ಕತ್ತಲಲ್ಲಿ ಇಬ್ಬರು ಸ್ಥಳೀಯರು ಎದುರಾಗಿ, ಹೆಂಗಸಿನೊಡನೆ ನಿಂತ ಪ್ರವಾದಿಯವರನ್ನು ಕಂಡು ಹೆಜ್ಜೆಯ ವೇಗ ಹೆಚ್ಚಿಸಿದರು. ಪ್ರವಾದಿಯವರು ಅವರನ್ನು ತಡೆದು, ಈಕೆ ತಮ್ಮ ಪತ್ನಿ ಸಫಿಯಾ ಎಂದು ತಿಳಿಸಿದರು. ತಮ್ಮ ಮೇಲೆ ಯಾರು ಸಂಶಯಪಟ್ಟಾರೆಂದು ಅವರಿಬ್ಬರೂ ಬೆರಗಾದರು. ಸೈತಾನನು ಮನುಷ್ಯನ ಮೈಯಲ್ಲಿ ರಕ್ತದಂತೆ ಹರಿಯುತ್ತಾನೆ, ಅವರ ಮನಸ್ಸಿನಲ್ಲಿ ಏನಾದರೂ ಹಾಕಿಯಾನೆಂಬ ಅಂಜಿಕೆಯಿಂದ ಹೇಳಿದ್ದಾಗಿ ಪ್ರವಾದಿಯವರು ವಿವರಿಸಿದರು.

ಈ ಚಿಕ್ಕ ಪ್ರಸಂಗದಿಂದ ಧರ್ಮಜ್ಞರು ದೊಡ್ಡ ನೀತಿಯನ್ನು ತೆಗೆದಿದ್ದಾರೆ. ಸಂಶಯಪಡದಿರುವುದು ನೋಡುವವನ ಕರ್ತವ್ಯವಾದರೆ, ಸಂಶಯಕ್ಕೆ ಎಡೆಗೊಡದೆ ಒಂದು ಮಾತಿನಲ್ಲಿ ತಿಳಿಯಹೇಳುವುದು ನೋಡಿಸಿಕೊಳ್ಳುವವನ ಕರ್ತವ್ಯ. ತಾನು ದೊಡ್ಡವನು, ವಿವರಣೆ ಏಕೆ ಕೊಡಬೇಕೆಂಬ ಬಿಗುಮಾನ ಅಲ್ಲಿಲ್ಲ.

ಆ ರಾತ್ರಿ ಸಫಿಯಾ ಅವರು ಹಿಂದಿರುಗಬೇಕಾಗಿದ್ದ ಬಿಡಾರ ಇದ್ದದ್ದು ಉಸಾಮಾ ಎಂಬ ತರುಣನ ಹೆಸರಿನ ಮನೆಯಲ್ಲಿ. ಪ್ರವಾದಿಯವರಿಗೆ ಮಗನಷ್ಟು ಪ್ರಿಯನಾಗಿದ್ದವನು ಈತ. ಒಂದು ಕಾಳಗದಲ್ಲಿ ಈತನ ಕತ್ತಿಗೆ ಸಿಕ್ಕಿದ ಶತ್ರುವೊಬ್ಬ ಕೊನೆಯ ಕ್ಷಣದಲ್ಲಿ ಇಸ್ಲಾಮಿನ ಶ್ರದ್ಧಾವಚನವನ್ನು ಉಚ್ಚರಿಸಿದನು. ಪ್ರಾಣಭಯದಿಂದ ಹೇಳುತ್ತಿದ್ದಾನೆಂದು ಊಹಿಸಿ ಉಸಾಮಾ ಅವನನ್ನು ಕೊಂದನು. ಊಹೆ ಅಸಂಭಾವ್ಯವೇನೂ ಆಗಿರಲಿಲ್ಲ. ಸುದ್ದಿ ಮದೀನೆಗೆ ಬಂದಾಗ ಪ್ರವಾದಿಯವರು, ಅವನು ಮನಃಪೂರ್ವಕವಾಗಿ ಹೇಳಿದನೋ ಇಲ್ಲವೋ ತಿಳಿಯಲು ಅವನ ಎದೆಯನ್ನು ಬಗೆದು ನೋಡಿದೆಯಾ ಎಂಬ ಅರ್ಥದಲ್ಲಿ ಪದೇ ಪದೇ ಪ್ರಶ್ನಿಸಿದರು. ತಾನು ಆ ದಿನವಷ್ಟೇ ಇಸ್ಲಾಮಿಗೆ ಸೇರಿದ್ದರೆ ಎಷ್ಟು ಚೆನ್ನಾಗಿತ್ತು, ಈ ಕೃತ್ಯ ಲೆಕ್ಕಕ್ಕೆ ಬರುತ್ತಿರಲಿಲ್ಲ ಎನಿಸುವಷ್ಟು ಉಸಾಮಾ ನೊಂದನು. ಗಾಳಿಮಾತಿನಿಂದ ಹೋದ ಮಾನ ಒಂದು ತಿಂಗಳಿಗೆ ಹಿಂದಿರುಗಿತು. ಊಹೆಯಿಂದ ಹೋದ ಈ ಪ್ರಾಣ ಹಿಂದಿರುಗಲಿಲ್ಲ.

ಗೋಡೆ ಹತ್ತಿದ ಖಲೀಫ

ಎರಡನೆಯ ಖಲೀಫರಾದ ಉಮರ್ ಅವರು ರಾತ್ರಿ ವೇಷಾಡಂಬರವಿಲ್ಲದೆ ಮದೀನೆಯ ಬೀದಿಗಳಲ್ಲಿ ಗಸ್ತು ತಿರುಗುತ್ತಿದ್ದರೆಂಬುದು ಪ್ರಸಿದ್ಧ. ಒಂದು ರಾತ್ರಿ ಒಂದು ಮನೆಯೊಳಗಿಂದ ಹಾಡಿನ ಸದ್ದು ಕೇಳಿಸಿತೆಂದೂ ಅವರು ಗೋಡೆ ಹತ್ತಿ ಒಳಗಿಳಿದರೆಂದೂ ಒಂದು ಕಥೆ ಉಂಟು. ಒಳಗಿದ್ದವನ ಬಳಿ ಮದ್ಯವಿತ್ತು. ಖಲೀಫರು ಗದರಿಸಿದರು. ಆ ಮನುಷ್ಯ ಅಂಜದೆ ಲೆಕ್ಕ ಒಪ್ಪಿಸಿದನು: ತಾನು ಮಾಡಿದ್ದು ಒಂದು ತಪ್ಪು, ಖಲೀಫರು ಮಾಡಿದ್ದು ಮೂರು. ಗುಟ್ಟು ಹುಡುಕಬಾರದೆಂದಿದ್ದರೂ ಹುಡುಕಿದರು. ಬಾಗಿಲಿನಿಂದ ಬರಬೇಕೆಂದಿದ್ದರೂ ಗೋಡೆ ಹತ್ತಿದರು. ಅನುಮತಿ ಕೇಳಿ ವಂದಿಸಿ ಬರಬೇಕೆಂದಿದ್ದರೂ ಹಾಗೇ ಬಂದರು. ಉಮರ್ ಅವರು ಒಪ್ಪಿ, ಅವನು ಇನ್ನು ಮುಂದೆ ಸರಿಯಾಗಿರುವನೆಂಬ ಮಾತು ಪಡೆದು ಹಿಂದಿರುಗಿದರಂತೆ. ಅವರ ಊಹೆ ಇಲ್ಲಿ ನಿಜವೇ ಆಗಿತ್ತು. ಆದರೂ ಸೋತವರು ಅವರೇ ಎಂಬುದನ್ನು ಗಮನಿಸಬೇಕು. ಊಹೆ ನಿಜವಾದ ಮಾತ್ರಕ್ಕೆ ಇಣುಕಿದ್ದು ಸರಿಯಾಗುವುದಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಎಲ್ಲರನ್ನೂ ನಂಬಬೇಕೆಂದು ಈ ಬೋಧನೆ ಹೇಳುವುದಿಲ್ಲ. ಸಾಲ ಕೊಡುವಾಗ ಬರೆದಿಡಬೇಕು, ಸಾಕ್ಷಿಗಳಿರಬೇಕೆಂದು ಕುರಾನು ವಿಸ್ತಾರವಾಗಿ ವಿಧಿಸುತ್ತದೆ. ಅದು ಎಚ್ಚರ, ಗುಮಾನಿಯಲ್ಲ. ಎಚ್ಚರವು ನಾಳೆ ಜಗಳವಾಗದಂತೆ ಇಬ್ಬರನ್ನೂ ಕಾಯುತ್ತದೆ. ಗುಮಾನಿಯು ನಡೆಯದ ತಪ್ಪಿಗೆ ಇಂದೇ ಒಬ್ಬನನ್ನು ಶಿಕ್ಷಿಸುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಕನ್ನಡದ ಗಾದೆ ಇದಕ್ಕೆ ಬಹು ಸಮೀಪದ್ದು.

1111ರಲ್ಲಿ ತೀರಿಕೊಂಡ ಮಹಾಪಂಡಿತ ಘಜಾಲಿಯವರು ದುರೂಹೆಯನ್ನು ಹೃದಯದಿಂದ ಮಾಡುವ ಪರನಿಂದೆ ಎಂದು ಕರೆದರು. ಮನಸ್ಸಿನಲ್ಲಿ ತಾನಾಗಿ ಹಾದುಹೋಗುವ ಸಂಶಯಕ್ಕೆ ಯಾರೂ ಹೊಣೆಯಲ್ಲ. ಅದನ್ನು ಕೂರಿಸಿ ಉಪಚರಿಸುವುದೇ ತಪ್ಪು ಎಂಬುದು ಅವರ ವಿವೇಚನೆ. ಅವರು ಹೇಳಿದ ಮದ್ದು ಸುಲಭವಾದದ್ದು: ಯಾರ ಮೇಲೆ ಸಂಶಯ ಬಂದಿತೋ ಅವರನ್ನು ಮೊದಲಿಗಿಂತ ಹೆಚ್ಚಾಗಿ ಆದರಿಸಬೇಕು, ಅವರಿಗಾಗಿ ಪ್ರಾರ್ಥಿಸಬೇಕು. ತಪ್ಪು ನಿಜವೆಂದು ಸಿದ್ಧವಾದರೂ ಏಕಾಂತದಲ್ಲಿ, ಹಿಗ್ಗಿನಿಂದಲ್ಲ ದುಃಖದಿಂದ, ತಿಳಿಯಹೇಳಬೇಕು.

ಉಳಿದದ್ದು

ಮಣ್ಣಿನ ಕೋಣೆಗಳು ಬಹುಕಾಲ ಉಳಿಯಲಿಲ್ಲ. ಕ್ರಿ. ಶ. 707ರ ಸುಮಾರಿಗೆ ಖಲೀಫ ವಲೀದನು ಅವುಗಳನ್ನು ಕೆಡವಿ ಮಸೀದಿಯನ್ನು ವಿಸ್ತರಿಸಲು ಆಜ್ಞೆ ಕಳುಹಿಸಿದನು. ಆಜ್ಞೆಯನ್ನು ಓದಿದ ದಿನ ಮದೀನೆಯ ಜನ ಬಿಕ್ಕಿಬಿಕ್ಕಿ ಅತ್ತರಂತೆ. ಅವನ್ನು ಹಾಗೇ ಬಿಡಬೇಕಾಗಿತ್ತು, ಮುಂದಿನವರು ಬಂದು ಪ್ರವಾದಿಯವರು ಎಷ್ಟರಲ್ಲಿ ತೃಪ್ತರಾಗಿದ್ದರೆಂಬುದನ್ನು ಕಣ್ಣಾರೆ ಕಾಣುತ್ತಿದ್ದರು ಎಂದು ಹಿರಿಯ ವಿದ್ವಾಂಸ ಸಯೀದ್ ಬಿನ್ ಮುಸಯ್ಯಬ್ ಮರುಗಿದನು. ಸಮಾಧಿಯಿದ್ದ ಆಯಿಷಾರ ಕೋಣೆಯೊಂದನ್ನು ಉಳಿಸಿ ಸುತ್ತ ಗೋಡೆ ಎಬ್ಬಿಸಿದರು.

ಆ ಕೋಣೆಯಲ್ಲಿ ಪ್ರವಾದಿಯವರ ಪಕ್ಕದಲ್ಲಿ ಅಬೂಬಕರ್, ಅವರ ಪಕ್ಕದಲ್ಲಿ ಉಮರ್ ಮಲಗಿದ್ದಾರೆ. ಆ ಕೊನೆಯ ಜಾಗವನ್ನು ಆಯಿಷಾ ಅವರು ತಮಗಾಗಿ ಇಟ್ಟುಕೊಂಡಿದ್ದರು. ಉಮರ್ ಅವರು ಮರಣಶಯ್ಯೆಯಿಂದ ಕೇಳಿಕಳುಹಿಸಿದಾಗ ಬಿಟ್ಟುಕೊಟ್ಟರು. 678ರಲ್ಲಿ ತೀರಿಕೊಂಡ ಆಕೆಯನ್ನು ಮಸೀದಿಯ ಪೂರ್ವಕ್ಕಿರುವ ಬಕೀ ಸ್ಮಶಾನದಲ್ಲಿ ಮಣ್ಣುಮಾಡಲಾಯಿತು. ಅಲ್ಲಿ ಈಗ ಹೆಸರು ಬರೆದ ಕಲ್ಲುಗಳಿಲ್ಲ; ಕಂದುಮಣ್ಣಿನ ಬಯಲು, ಅಲ್ಲಲ್ಲಿ ಗುರುತಿಗಿಟ್ಟ ಬರಿಯ ಕಲ್ಲುಗಳು.

ಯಾತ್ರಿಕರ ಸಾಲು ಸಮಾಧಿಯ ಲೋಹದ ಜಾಲರಿಯ ಮುಂದೆ ನಿಧಾನವಾಗಿ ಸರಿಯುತ್ತದೆ. ಜಾಲರಿಯಲ್ಲಿ ಮೂರು ದುಂಡು ರಂಧ್ರಗಳಿವೆ. ಬಾಗಿ ನೋಡಿದವರಿಗೆ ಒಳಗಿನ ಗೋರಿಗಳು ಕಾಣುವುದಿಲ್ಲ. ವಂದನೆ ಹೇಳಿ ಮುಂದೆ ಹೋಗಬೇಕು, ಕಾವಲಿನವರು ನಿಲ್ಲಗೊಡುವುದಿಲ್ಲ.

ಹೊರಗೆ ಬಂದ ಮೇಲೆ ಹೊಸಬರಿಗೆ ಒದಗುವ ಒಂದು ಸಾಮಾನ್ಯ ಅನುಭವವುಂಟು. ಪಾದರಕ್ಷೆಗಳನ್ನು ಬಾಗಿಲ ಬಳಿಯ ಗೂಡಿನಲ್ಲಿಟ್ಟು ಹೋಗಿರುತ್ತಾರೆ. ಹಿಂದಿರುಗಿ ನೋಡಿದರೆ ಗೂಡು ಬರಿದು. ಪುಣ್ಯಕ್ಷೇತ್ರದಲ್ಲೂ ಕಳ್ಳರೇ ಎಂಬ ಉದ್ಗಾರ ಬಾಯಿಗೆ ಬರುತ್ತದೆ. ಪಕ್ಕದಲ್ಲಿ ಅದೇ ಬಣ್ಣದ ಜೋಡು ಮೆಟ್ಟಿ ನಿಂತ ಅಪರಿಚಿತನ ಮೇಲೆ ಕಣ್ಣು ಬೀಳುತ್ತದೆ. ಮನೆಯ ಹಿರಿಯಳೋ ಚಿಕ್ಕ ಹುಡುಗನೋ ತಲೆಯೆತ್ತಿ ಬಾಗಿಲಿನ ಸಂಖ್ಯೆಯನ್ನು ಓದುತ್ತಾರೆ. ಹೋದದ್ದು ಈ ಬಾಗಿಲಿನಿಂದಲ್ಲ. ಎಲ್ಲರೂ ಅಮೃತಶಿಲೆಯ ಬಯಲನ್ನು ಬರಿಗಾಲಿನಲ್ಲಿ ಸುತ್ತಿ ಸರಿಯಾದ ಬಾಗಿಲಿಗೆ ಬರುತ್ತಾರೆ. ಜೋಡುಗಳು ಇಟ್ಟಲ್ಲೇ ಇರುತ್ತವೆ.

ಆ ಅಪರಿಚಿತನಿಗೆ ಏನೂ ತಿಳಿಯದು; ಅವನು ತನ್ನ ಪಾಡಿಗೆ ಜನಜಂಗುಳಿಯಲ್ಲಿ ಮರೆಯಾಗಿರುತ್ತಾನೆ. ಬಾಯಿಗೆ ಬಂದ ಮಾತನ್ನು ಅವನ ಕಿವಿಗೆ ಬೀಳುವ ಮುನ್ನ ನುಂಗಿಕೊಂಡವನು ಮದೀನೆಗೆ ಬಂದದ್ದು ವ್ಯರ್ಥವಾಗಲಿಲ್ಲ.